ಸೋಮವಾರ ಕಾಟಾ ಮೊದಲು ಹತ್ತಿದವಳು

…ಅಥವಾ ನಾನು ಬಾಯಿಬಿಟ್ಟು ಏನೂ ಹೇಳಲೇ ಇಲ್ಲವೇನೋ, ಬರೀ ತಲೆ ಅಲ್ಲಾಡಿಸಿದೆನೇನೋ. ಆ ಗಳಿಗೆಯನ್ನು ಎಷ್ಟು ಸಲ ಹೊರತೆಗೆದು ನೋಡಿದ್ದೇನೆಂದರೆ, ಈಗ ಅದರ ಮೇಲೆ ನನ್ನ ಬೆರಳಿನ ಗುರುತುಗಳೇ ಹೆಚ್ಚು. ಒಮ್ಮೆ ನಾವಿಬ್ಬರೂ ಮೆಟ್ಟಿಲ ಮೇಲೆ ನಿಂತಿರುತ್ತೇವೆ, ಇನ್ನೊಮ್ಮೆ ದೊಡ್ಡ ಕನ್ನಡಿಯ ಮುಂದೆ. ಒಮ್ಮೆ ಕಮಲಾಬಾಯಿಯ ಕೈಯಲ್ಲಿ ಟವೆಲ್ಲು, ಇನ್ನೊಮ್ಮೆ ಹೋಳಿಗೆಯ ಡಬ್ಬಿ. ಅವರ ಪ್ರಶ್ನೆ ಮಾತ್ರ ಬದಲಾಗುವುದಿಲ್ಲ.

"ಅಕ್ಕೋರ, ನೀವು ಗುಳಿಗಿ ಗಿಳಿಗಿ ಏನರೆ ತಗೋತೀರೇನ್ರಿ?"

ಹಿಮಾಯತ್‌ನಗರದ ಒಂದು ಜಿಮ್ಮಿನಲ್ಲಿ ನಾನು ಹೆಂಗಸರಿಗೆ ವ್ಯಾಯಾಮ ಕಲಿಸುತ್ತಿದ್ದೆ. ಕಮಲಾಬಾಯಿ ಅಲ್ಲಿಗೆ ಬರುತ್ತಿದ್ದವರು. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ನನಗೂ ಇತ್ತು. ಅವರದು ಇಡೀ ಜಿಮ್ಮಿಗೆ ಗೊತ್ತಿತ್ತು, ನನ್ನದು ಅಲ್ಲಿ ಮಾಲೀಕರೊಬ್ಬರಿಗೆ ಮಾತ್ರ. ದಿನಕ್ಕೆ ಎರಡು ಮಾತ್ರೆ ನುಂಗುತ್ತಿದ್ದ ನಾನು ಆ ಪ್ರಶ್ನೆಗೆ ಇಲ್ಲ ಎಂದೆ. ಮಾತಿನಲ್ಲೋ, ತಲೆಯಲ್ಲೋ. ಇಷ್ಟರ ಬಗ್ಗೆ ನನಗೆ ಅನುಮಾನವಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಇಳಿಯುವ ಹುಡುಗಿಯರು ಆಗಾಗ ಮನೆಗೆ ಬಂದು ಅನುಭವ ಹೇಳಿ ಎನ್ನುತ್ತಾರೆ. ಹೇಳಿದ್ದೇನೆ. ಹೇಳಿದಷ್ಟೂ ಕಥೆ ನುಣ್ಣಗಾಗುತ್ತ ಹೋಯಿತು. ಮೂರನೆಯ ಸಲ ಹೇಳುವಾಗ ನಾನು ಎಲ್ಲಿ ನಿಲ್ಲಿಸಿದರೆ ಅವರ ಕಣ್ಣು ಒದ್ದೆಯಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಆಮೇಲೆ ಹೇಳುವುದನ್ನು ಬಿಟ್ಟೆ. ಈಗ ಬರೆಯುತ್ತಿದ್ದೇನೆ. ಕಾಗದದ ಮೇಲೆ ತಪ್ಪಿದರೆ ಗೀಟು ಹೊಡೆದದ್ದಾದರೂ ಉಳಿಯುತ್ತದೆ.

ನಾನು ರಾಯಚೂರು ಕಡೆಯವಳು. ಖೋ ಖೋ ಆಡುತ್ತಿದ್ದೆ, ದೈಹಿಕ ಶಿಕ್ಷಣದ ಸರ್ಟಿಫಿಕೇಟು ಮಾಡಿಕೊಂಡಿದ್ದೆ. ನಮ್ಮ ಯಜಮಾನರಿಗೆ ಹೈದರಾಬಾದಿನ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ನೌಕರಿ. ಮದುವೆಯಾಗಿ ಟ್ರಂಕಿನೊಂದಿಗೆ ಕಾಚಿಗೂಡದಲ್ಲಿ ಇಳಿದೆ. ಕೆಲವು ವರ್ಷ ಒಂದು ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದೆ. ಆಮೇಲೆ ಈ ಜಿಮ್ಮು.

ಸೀರೆ ಅಂಗಡಿಯ ಮೇಲೆ ಎರಡನೆಯ ಮಹಡಿ. ಬೆಳಗ್ಗೆ ಮತ್ತು ಸಂಜೆ ಗಂಡಸರಿಗೆ, ಹನ್ನೊಂದರಿಂದ ನಾಲ್ಕರವರೆಗೆ ಹೆಂಗಸರಿಗೆ. ನಾನು ಹೋಗಿ ಮೊದಲು ಮಾಡುತ್ತಿದ್ದ ಕೆಲಸ ಊದುಬತ್ತಿ ಹಚ್ಚುವುದು. ಗಂಡಸರ ಬೆವರಿನ ವಾಸನೆ ಅಷ್ಟು ಸುಲಭಕ್ಕೆ ಹೋಗುತ್ತಿರಲಿಲ್ಲ. ಎರಡನೆಯ ಕೆಲಸ, ಅವರು ಕಂಬಿಗಳಲ್ಲಿ ಹಾಗೇ ಬಿಟ್ಟುಹೋದ ಭಾರದ ತಟ್ಟೆಗಳನ್ನು ಒಂದೊಂದಾಗಿ ಕಳಚಿ ಗೋಡೆಗೆ ಒರಗಿಸುವುದು. ಬರುತ್ತಿದ್ದವರು ಸೆಕ್ರೆಟೇರಿಯಟ್ ಅಧಿಕಾರಿಗಳ ಹೆಂಡಂದಿರು, ಗುಂಟೂರು ವಿಶಾಖಪಟ್ಟಣಗಳಿಂದ ವರ್ಗವಾಗಿ ಬಂದವರು, ಮಾರವಾಡಿ ಅಂಗಡಿಯವರ ಮನೆಯವರು, ಕೆಲವು ಕಾಲೇಜು ಹುಡುಗಿಯರು. ಎಲ್ಲರಿಗೂ ಬೇಕಾಗಿದ್ದದ್ದು ಬೆಲ್ಟ್ ಮಷೀನು. ಸೊಂಟಕ್ಕೆ ಅಗಲ ಪಟ್ಟಿ ಸಿಕ್ಕಿಸಿ ಸ್ವಿಚ್ ಒತ್ತಿದರೆ ಹೊಟ್ಟೆ ಗಡಗಡ ನಡುಗುತ್ತಿತ್ತು. ಅದರಿಂದ ಕೊಬ್ಬು ಕರಗುತ್ತದೆ ಎಂದು ನಾನು ಹೇಳುತ್ತಿದ್ದೆ. ಕರಗುವುದಿಲ್ಲ. ಆಗಲೂ ನನಗೆ ಅದು ಅರ್ಧ ಗೊತ್ತಿತ್ತು.

ಮಾಲೀಕರು ರಾವ್ ಗಾರು. ಬಾಗಿಲ ಎದುರಿನ ಗೋಡೆಯ ಮೇಲೆ ಅವರ ಪ್ರಾಯದ ದೊಡ್ಡ ಫೋಟೋ ಇತ್ತು, ಮೈಗೆ ಎಣ್ಣೆ ಹಚ್ಚಿ ತೋಳು ಮಡಿಸಿ ನಿಂತದ್ದು. ಅದರ ಕೆಳಗೆ ಕೌಂಟರಿನ ಹಿಂದೆ ಅವರು ಕುಳಿತರೆ, ಹೊಸಬರು ಆ ಫೋಟೋ ಯಾರದೆಂದು ಅವರನ್ನೇ ಕೇಳುತ್ತಿದ್ದರು. ಹೊಟ್ಟೆ ಕೌಂಟರಿಗೆ ತಾಗುತ್ತಿತ್ತು. ಮೆಟ್ಟಿಲ ತಿರುವಿನಲ್ಲಿ ನಿಂತು ಸಿಗರೇಟು ಸೇದುತ್ತಿದ್ದರು. ಒಂದು ಮಧ್ಯಾಹ್ನ ಅಧಿಕಾರಿಯೊಬ್ಬರ ಹೆಂಡತಿ ಹೇಳದೆ ಕೇಳದೆ ಮೆಟ್ಟಿಲು ಹತ್ತಿ ಬಂದರು. ರಾವ್ ಗಾರು ಉರಿಯುವ ಸಿಗರೇಟನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಆಕೆ ಫೀಸು, ಸಮಯ, ಟವೆಲ್ಲು ಎಲ್ಲ ವಿಚಾರಿಸಿ ಮುಗಿಸುವವರೆಗೂ ನಗುತ್ತ ನಿಂತಿದ್ದರು. ಆಮೇಲೆ ನಾನೇ ಅವರ ಅಂಗೈಗೆ ಮುಲಾಮು ಹಚ್ಚಿದೆ. ನಗು ಬಂತು. ನನ್ನ ಕೆಲಸವೂ ಅದೇ ಎಂದು ಆಗ ತೋಚಲಿಲ್ಲ.

ಅವರು ಮಾಡಿದ ಒಂದು ನಿಯಮವಿತ್ತು. ಸೋಮವಾರ ಎಲ್ಲರ ತೂಕ. ತೂಕದ ಕಾಟಾ ಕೋಣೆಯ ನಡುವೆ ಬರುತ್ತಿತ್ತು. ಮೊದಲು ಕಲಿಸುವವಳು ಹತ್ತಬೇಕು, ತನ್ನ ತೂಕವನ್ನು ಎಲ್ಲರಿಗೂ ಕೇಳುವಂತೆ ಕೂಗಬೇಕು, ಗೋಡೆಯ ಚಾರ್ಟಿನಲ್ಲಿ ತನ್ನ ಹೆಸರಿನ ಮುಂದೆ ಬರೆಯಬೇಕು. ಆಮೇಲೆ ಉಳಿದವರು. "ಮೇಡಂ, ಹಮಾರಾ ಬೋರ್ಡ್ ಆಪೀಚ್ ಹೈ," ನಮ್ಮ ಬೋರ್ಡು ನೀವೇ, ಎನ್ನುತ್ತಿದ್ದರು ರಾವ್ ಗಾರು. ಹೊರಗೆ ತಗುಲಿಹಾಕಿದ್ದ ಬೋರ್ಡಿನ ಬಣ್ಣ ಹಾರಿಹೋಗಿತ್ತು. ಅದನ್ನು ಬದಲಿಸುವ ಬದಲು ನನ್ನನ್ನು ಕಾಟಾದ ಮೇಲೆ ನಿಲ್ಲಿಸುವುದು ಅಗ್ಗ.

ಐವತ್ತೆರಡು. ಅದು ನನ್ನ ಸಂಖ್ಯೆ. ಅದು ಐವತ್ಮೂರಾಗದಂತೆ ಕಾಯುವುದೇ ಒಂದು ಬದುಕಾಯಿತು. ಭಾನುವಾರ ಮಧ್ಯಾಹ್ನದ ನಂತರ ಊಟ ಬಿಡುತ್ತಿದ್ದೆ. ಸೋಮವಾರ ಬೆಳಗ್ಗೆ ಚಹಾ ಕೂಡ ಇಲ್ಲ. ಬಳೆ ತೆಗೆದಿಟ್ಟು ಹತ್ತುತ್ತಿದ್ದೆ. ಇತ್ತ ಹೆಂಗಸರಿಗೆ ಹೊತ್ತುಹೊತ್ತಿಗೆ ತಿನ್ನಿ, ಉಪವಾಸ ಬೀಳಬೇಡಿ ಎಂದು ಕೈಯಲ್ಲೇ ಚೀಟಿ ಬರೆದು ಹಂಚುತ್ತಿದ್ದೆ. ಜೋಳದ ರೊಟ್ಟಿ, ಬೇಳೆ, ಸೊಪ್ಪು, ಮಜ್ಜಿಗೆ. ಚೀಟಿ ಅವರ ಪರ್ಸಿಗೆ ಹೋಗುತ್ತಿತ್ತು. ಕಣ್ಣು ನನ್ನ ಮೇಲೇ ಇರುತ್ತಿತ್ತು.

ಮದುವೆ ಗೊತ್ತಾಗಿದ್ದ ಸುಧಾ ಎಂಬ ಹುಡುಗಿ ಸೈಕಲ್ಲಿನ ಮೇಲಿಂದ ಜಾರಿ ಬಿದ್ದದ್ದು ಒಂದು ಸೋಮವಾರವೇ. ಶುಕ್ರವಾರದಿಂದ ಏನೂ ತಿಂದಿರಲಿಲ್ಲವಂತೆ. ಮುಖಕ್ಕೆ ನೀರು ಹೊಡೆದು ಕೂರಿಸಿದೆವು, ತಾಯಿಯನ್ನು ಕರೆಸಿದೆವು. ತಾಯಿ ಬೈದಾಗ ಹುಡುಗಿ ನನ್ನತ್ತ ಬೆರಳು ತೋರಿಸಿ ತೆಲುಗಿನಲ್ಲಿ ಹೇಳಿತು: "ಮೇಡಂ ತಿನರು ಕದಾ!" ಮೇಡಮ್ಮು ತಿನ್ನುವುದಿಲ್ಲವಲ್ಲ. ಆ ತಾಯಿ ನನ್ನನ್ನು ನೋಡಿದ ರೀತಿ. ನಾನು ನನ್ನ ಚೀಟಿಯನ್ನು ತೋರಿಸಿದೆ. ಅದರಲ್ಲಿ ಎಲ್ಲ ಸರಿಯಾಗಿಯೇ ಇತ್ತು.

ಹೊಸಬರಿಗೆ ನಾನು ಹೇಳಬೇಕಾದದ್ದು ಏನಾದರೂ ಇದ್ದರೆ ಇಲ್ಲಿಗೇ ಮುಗಿಯಬಹುದಿತ್ತು. ನೀವು ಹೇಳಿದ್ದನ್ನು ಅವರು ಕೇಳುವುದಿಲ್ಲ, ನೀವು ಮಾಡಿದ್ದನ್ನು ನೋಡುತ್ತಾರೆ. ನೀವು ಮುಚ್ಚಿಟ್ಟದ್ದರ ಮೇಲೆ ನಡೆಯುತ್ತಾರೆ. ಸುಧಾಳಿಂದ ನಾನು ಇದನ್ನು ಕಲಿತೆ ಎಂದು ಬರೆದರೆ ಚೆಂದ. ಕಲಿಯಲಿಲ್ಲ. ಮುಂದಿನ ಸೋಮವಾರವೂ ಹೊಟ್ಟೆ ಖಾಲಿ ಇಟ್ಟುಕೊಂಡೇ ಕಾಟಾ ಹತ್ತಿದೆ.

ಮರುವರ್ಷವೋ ಅದರ ಮರುವರ್ಷವೋ ನನ್ನ ತೂಕ ತಾನಾಗಿ ಇಳಿಯತೊಡಗಿತು. ಐವತ್ತು, ನಲವತ್ತೊಂಬತ್ತು, ನಲವತ್ತೇಳು. ಕಾಟಾದ ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಬಾಯಾರಿಕೆ ತಡೆಯಲಾಗುತ್ತಿರಲಿಲ್ಲ, ಪದೇ ಪದೇ ಬಾತ್‌ರೂಮಿಗೆ ಓಡುತ್ತಿದ್ದೆ, ಮಧ್ಯಾಹ್ನ ಮೂರರ ಹೊತ್ತಿಗೆ ಕಾಲು ಸೋಲುತ್ತಿತ್ತು. ಶಿಸ್ತಿನ ಫಲ ಎಂದುಕೊಂಡೆ. ಕಾರ್ಖಾನೆಯ ಡಿಸ್ಪೆನ್ಸರಿಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ಚೀಟಿಯನ್ನು ಮೇಜಿನ ಮೇಲೆ ಕುಕ್ಕಿದರು. "ನೀವು ಆರೋಗ್ಯ ಕಲಿಸೋರಾ? ನಿಮಗೆ ಇಷ್ಟು ಗೊತ್ತಾಗಲಿಲ್ವಾ?" ಎಂದರು. ದಿನಕ್ಕೆ ಎರಡು ಮಾತ್ರೆ, ಬಿಡುವಂತಿಲ್ಲ.

ರಾವ್ ಗಾರಿಗೆ ಹೇಳಿದೆ. ಅವರು ಬಾಗಿಲತ್ತ ನೋಡಿ ದನಿ ತಗ್ಗಿಸಿದರು. "ಬೀಮಾರ್ ಕೇ ಪಾಸ್ ಸೇಹತ್ ಸೀಖ್ನೇ ಕೌನ್ ಆತಾ ಮೇಡಂ?" ರೋಗಿಯ ಹತ್ತಿರ ಆರೋಗ್ಯ ಕಲಿಯಲು ಯಾರು ಬರುತ್ತಾರೆ. ಬಹಳ ವರ್ಷ ಈ ಮಾತಿಗಾಗಿ ಅವರನ್ನು ಮನಸ್ಸಿನಲ್ಲೇ ಬೈದಿದ್ದೇನೆ. ಆದರೆ ಅವರು ಅದನ್ನು ಹೇಳಿದ್ದು ಒಂದೇ ಸಲ. ದಿನವೂ ಪಾಲಿಸಿದವಳು ನಾನು.

ಮುಚ್ಚಿಡುವುದು ಕಷ್ಟವಾಗಲಿಲ್ಲ. ಊಟದ ಹೊತ್ತಿಗೆ ಬಾತ್‌ರೂಮಿನಲ್ಲಿ ಮಾತ್ರೆ ನುಂಗಿ ನಲ್ಲಿ ತಿರುಗಿಸಿ ಮುಖ ತೊಳೆದು ಬರುತ್ತಿದ್ದೆ. ಒಂದೆರಡು ಸಲ ಸಕ್ಕರೆ ತೀರಾ ಇಳಿದು ಕೈ ನಡುಗಿ ಬೆವರು ಬಂತು. ಅದೇ ಬಾತ್‌ರೂಮಿನಲ್ಲಿ ನಿಂತು ಕಾಗದದ ಪೊಟ್ಟಣದಿಂದ ಸಕ್ಕರೆ ಮುಕ್ಕಿದೆ. ಹೊರಗೆ ಬೆಲ್ಟ್ ಮಷೀನು ಗಡಗಡ ಎನ್ನುತ್ತಿತ್ತು. ಇನ್ನು ಹಬ್ಬಗಳಲ್ಲಿ, ಯಾರದಾದರೂ ಹುಟ್ಟುಹಬ್ಬದಲ್ಲಿ ಸಿಹಿ ಬಂದಾಗ ನಾನು ಕೈ ಮುಗಿದು ಬೇಡ ಎನ್ನುತ್ತಿದ್ದೆ. ನೋಡಿ, ಮೇಡಮ್ಮಿಗೆ ಎಂಥ ಗಟ್ಟಿ ಮನಸ್ಸು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನನ್ನ ಕಾಯಿಲೆಗೆ ಸಿಕ್ಕ ಹೊಗಳಿಕೆಯನ್ನು ನಾನು ಇಟ್ಟುಕೊಂಡೆ.

ಕಮಲಾಬಾಯಿ ಬಂದದ್ದು ಇಷ್ಟರ ಮೇಲೆ. ಬೀದರ ಕಡೆಯವರು, ಕಾಚಿಗೂಡದಲ್ಲಿ ಮನೆ, ಅಬಿಡ್ಸಿನಲ್ಲಿ ಗಂಡನ ಬಟ್ಟೆ ಅಂಗಡಿ. ನಲವತ್ತೈದು ದಾಟಿತ್ತು. ಡಾಕ್ಟರು ತೂಕ ಇಳಿಸಿ ಎಂದು ಕಳಿಸಿದ್ದರು. ಮೊದಲ ದಿನ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತ ಬೆಂಚಿನ ಮೇಲೆ ಕುಳಿತವರು, ನಾನು ಯಾರಿಗೋ ಕನ್ನಡದಲ್ಲಿ ಒಂದು ಮಾತು ಗೊಣಗಿದ್ದನ್ನು ಕೇಳಿ ಎದ್ದು ನಿಂತರು.

"ಅಯ್ಯ, ನಮ್ಮೋರ ಅದೀರೇನ್ರಿ! ಹಂಗಾರ ಇನ್ನ ನಾ ಎಲ್ಲಿ ತಪ್ಪಿಸ್ಕೊಳ್ಳಲಿ?"

"ತಪ್ಪಿಸ್ಕೊಳ್ಳಾಕ ಬಂದೀರೋ, ತೂಕ ಇಳಸಾಕ ಬಂದೀರೋ?" ಎಂದೆ.

"ಬಂದದ್ದು ಡಾಕ್ಟರ್ ಬೈದದ್ದಕ್ಕ. ಅಲ್ಲರಿ ಅಕ್ಕೋರ, ನಿಮ್ಮ ಸೊಂಟ ನೋಡಿದ್ರ ನನಗ ತುತ್ತು ಗಂಟಲಾಗ ಇಳಿಯೂದಿಲ್ಲ ನೋಡ್ರಿ. ಮನಿಗೆ ಹೋದ ಮ್ಯಾಲೆ ಇಳೀತೈತಿ, ಆ ಮಾತು ಬ್ಯಾರೆ."

ಅವತ್ತಿನಿಂದ ನಾನು ಅವರಿಗೆ ಅಕ್ಕೋರು, ನಮ್ಮ ಕಡೆ ಶಾಲೆಯ ಟೀಚರಮ್ಮನನ್ನು ಕರೆಯುವ ಹಾಗೆ. ತೆಲುಗು, ಹಿಂದಿ, ದಖನಿಗಳಲ್ಲಿ ಇಡೀ ದಿನ ಕಳೆಯುವವಳಿಗೆ ಆ ಒಂದು ಗಂಟೆ ತವರಿಗೆ ಹೋಗಿ ಬಂದಂತೆ ಇರುತ್ತಿತ್ತು. ಕ್ಲಾಸು ಮುಗಿದೊಡನೆ ಅವರು ಎಲ್ಲರ ಎದುರೇ ಸೆರಗಿನ ಗಂಟಿನಿಂದ ಮಾತ್ರೆ ತೆಗೆದು ನುಂಗುತ್ತಿದ್ದರು. "ಗಂಡನ ಹೆಸರಂತೂ ತಗೊಳ್ಳೂ ಹಂಗಿಲ್ಲ, ಗುಳಿಗಿನರೆ ತಗೊಳ್ಳೂಣು," ಎಂದು ನಗಿಸುತ್ತಿದ್ದರು. ನಾನೂ ನಗುತ್ತಿದ್ದೆ. ಅದೇ ಮಾತ್ರೆ ಅರ್ಧ ಗಂಟೆಯ ಹಿಂದೆ ನನ್ನ ಹೊಟ್ಟೆಗೂ ಹೋಗಿರುತ್ತಿತ್ತು.

ದಸರೆಯ ಹೊತ್ತಿಗೆ ಅವರು ಶೇಂಗಾ ಹೋಳಿಗೆ ಮಾಡಿ ತಂದರು. ಹಾಗಾದರೆ ಕೈಯಲ್ಲಿ ಇದ್ದದ್ದು ಡಬ್ಬಿಯೇ ಇರಬೇಕು, ಟವೆಲ್ಲಲ್ಲ. ಎಲ್ಲರಿಗೂ ಕೊಟ್ಟರು. ನಾನು ಬೇಡ ಎಂದೆ. ಅಧಿಕಾರಿಯ ಹೆಂಡತಿಯೊಬ್ಬರು ಎಂದಿನಂತೆ ನನ್ನ ಮನಸ್ಸಿನ ಗಟ್ಟಿತನವನ್ನು ಹೊಗಳಿದರು. ಕಮಲಾಬಾಯಿ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಆ ಪ್ರಶ್ನೆ ಕೇಳಿದರು. ಗುಳಿಗಿ ತಗೋತೀರೇನ್ರಿ?

ನನಗೆ ನೆನಪಿರುವ ಉತ್ತರ ಹೀಗಿದೆ: "ಇಲ್ರಿ. ಜ್ವಾಳದ ರೊಟ್ಟಿ, ದಿನಾ ನಡಿಗಿ. ಅಷ್ಟ." ಈ ವಾಕ್ಯದ ಮೇಲೂ ನನಗೆ ನಂಬಿಕೆಯಿಲ್ಲ. ಇದು ತೀರಾ ಜಾಹೀರಾತಿನಂತಿದೆ. ಜೋಳದ ರೊಟ್ಟಿ ನನ್ನ ಚೀಟಿಯಲ್ಲೂ ಇತ್ತು, ಆಮೇಲೆ ಅವರ ಯಜಮಾನರ ಬಾಯಲ್ಲೂ ಬಂತು. ಎಲ್ಲಿಂದಲೋ ಎತ್ತಿ ನಾನೇ ಅದನ್ನು ಇಲ್ಲಿ ಕೂರಿಸಿರಬಹುದು. ಏನೇ ಇರಲಿ, ನಾನು ಹೌದು ಅನ್ನಲಿಲ್ಲ.

ಚಳಿಗಾಲ ಬರುವ ಹೊತ್ತಿಗೆ ಕಮಲಾಬಾಯಿಯ ತೂಕ ಇಳಿಯತೊಡಗಿತು. ಎಪ್ಪತ್ತೆಂಟು ಇದ್ದದ್ದು ಎಪ್ಪತ್ತೈದಾಯಿತು, ಎಪ್ಪತ್ತೆರಡಾಯಿತು. ಪ್ರತಿ ಸೋಮವಾರ ಚಪ್ಪಾಳೆ. ರಾವ್ ಗಾರು ಅವರ ಹಳೆಯ ಫೋಟೋ ತರಿಸಿ ಹೊಸ ಫೋಟೋದ ಪಕ್ಕಕ್ಕೆ ಅಂಟಿಸಿದರು. ಹೊಸದಾಗಿ ಸೇರಲು ಬಂದವರಿಗೆ ನಾನೇ ಅದನ್ನು ತೋರಿಸುತ್ತಿದ್ದೆ.

"ನೀರು ಭಾಳ ಕುಡಿಯಾಕತ್ತೀನ್ರಿ ಅಕ್ಕೋರ, ನೀವು ಹೇಳಿದಂಗ," ಎಂದರು ಒಂದು ದಿನ. ಶಹಬ್ಬಾಸ್ ಎಂದೆ.

"ಬಾತ್‌ರೂಮಿಗೆ ಹೋಗಿ ಹೋಗಿ ಸಾಕಾತು. ಅಲ್ಲೇ ಒಂದು ಖುರ್ಚಿ ಹಾಕಿಸ್ರಿ ನನಗ." ಎಲ್ಲರೂ ನಕ್ಕರು.

ಇನ್ನೊಂದು ಸೋಮವಾರ ಕಾಟಾದ ಮುಳ್ಳು ಕಾಣಿಸುತ್ತಿಲ್ಲ, ಮಂಜುಮಂಜು ಐತಿ, ನೀವೇ ಓದ್ರಿ ಎಂದರು. ನಾನು ಬಗ್ಗಿ ನೋಡಿ "ಎಪ್ಪತ್ತು!" ಎಂದು ಕೂಗಿದೆ. ಅವರು ಇಳಿಯುವಾಗ ನನ್ನ ಭುಜ ಹಿಡಿದುಕೊಂಡರು. ಕೈ ಹಗುರವಾಗಿತ್ತು.

ಬಾಯಾರಿಕೆ, ಬಾತ್‌ರೂಮು, ಸುಸ್ತು, ಇಳಿಯುವ ತೂಕ. ನಾಲ್ಕನ್ನೂ ನಾನು ನನ್ನ ಮೈಯಲ್ಲೇ ಕಂಡಿದ್ದೆ. ಅದಕ್ಕಾಗಿ ಡಾಕ್ಟರಮ್ಮನಿಂದ ಬೈಸಿಕೊಂಡಿದ್ದೆ. ಜಗತ್ತಿನಲ್ಲಿ ಯಾರಿಗೆ ಗೊತ್ತಾಗದಿದ್ದರೂ ನನಗೆ ಗೊತ್ತಾಗಬೇಕಿತ್ತು. ನಮ್ಮ ಕಸುಬಿನಲ್ಲಿ ತೂಕ ಇಳಿದರೆ ಗೆಲುವು. ಯಾಕೆ ಇಳಿಯಿತೆಂದು ಯಾರೂ ಕೇಳುವುದಿಲ್ಲ. ಕ್ಲಾಸಿನ ನಂತರ ಸೆರಗಿನ ಗಂಟು ಬಿಚ್ಚುವುದನ್ನು ಅವರು ಬಿಟ್ಟಿದ್ದರು ಎಂದು ಈಗ ಬರೆಯಬಲ್ಲೆ. ಆಗ ಗಮನಿಸಿದ್ದೆನೇ? ಗಮನಿಸಿ, ಕೇಳಿದರೆ ನನ್ನ ಮಾತು ಬರುತ್ತದೆಂದು ಸುಮ್ಮನಿದ್ದೆನೇ? ಸುಮ್ಮನಿದ್ದೆ ಎಂದು ಒಪ್ಪಿಕೊಳ್ಳುವುದು ಒಂದು ಥರದ ದೊಡ್ಡತನವಾಗಿ ಕಾಣುತ್ತದೆ. ಅದಕ್ಕೇ ಅದನ್ನೂ ನಂಬಲು ಹೆದರುತ್ತೇನೆ. ಬಹುಶಃ ನಾನು ನೋಡಲೇ ಇಲ್ಲ. ಚಾರ್ಟು ನೋಡುತ್ತಿದ್ದೆ.

ಬರಿಗಾಲಲ್ಲಿ ವ್ಯಾಯಾಮ ಬೇಡ ಎಂದು ಎಲ್ಲರಿಗೂ ಕ್ಯಾನ್‌ವಾಸ್ ಶೂ ಕೊಳ್ಳಿಸಿದ್ದೆ. ನಾನು ಹಾಕುತ್ತಿದ್ದಂಥದೇ ಬೇಕೆಂದು ಕಮಲಾಬಾಯಿ ಹುಡುಕಿ ತಂದಿದ್ದರು. ಒಂದು ದಿನ ಅವರ ಸಾಕ್ಸಿನ ತುದಿಯಲ್ಲಿ ಕಲೆ ಕಂಡಿತು.

"ಏನ್ರಿ ಅದು?"

"ಶೂ ಕಚ್ಚೈತ್ರಿ. ನನಗ ಗೊತ್ತ ಆಗಿಲ್ಲ, ನೋವ ಇಲ್ಲ ನೋಡ್ರಿ. ಅರಿಷಿಣ ಹಚ್ಚೀನಿ."

ನೋವಿಲ್ಲ ಎಂದದ್ದಕ್ಕೆ ನಾನು ಸಮಾಧಾನಪಟ್ಟೆ. ಸಕ್ಕರೆ ಇದ್ದವರ ಕಾಲಿನ ಗಾಯ ನೋಯದಿದ್ದರೆ ನರ ಸತ್ತಿದೆ, ಅದು ಕೆಟ್ಟ ಸುದ್ದಿ ಎಂಬುದನ್ನು ಇವತ್ತಿನ ಯಾವ ಹುಡುಗಿಯಾದರೂ ಮೊದಲ ತಿಂಗಳಲ್ಲೇ ಕಲಿಯುತ್ತಾಳೆ. ನಮಗೆ ಯಾರೂ ಕಲಿಸಿರಲಿಲ್ಲ ಎನ್ನಬಹುದು. ಆದರೆ ನನ್ನ ಡಾಕ್ಟರಮ್ಮ, ಕಾಲು ನೋಡಿಕೊಳ್ಳಿ ಎಂದು ನನಗೆ ಪ್ರತಿ ಸಲವೂ ಹೇಳುತ್ತಿದ್ದರು. ನಾನು ನನ್ನ ಕಾಲು ನೋಡಿಕೊಳ್ಳುತ್ತಿದ್ದೆ.

ಎರಡು ಸೋಮವಾರ ಕಮಲಾಬಾಯಿ ಬರಲಿಲ್ಲ. ಮೂರನೆಯ ವಾರ ಕಾಚಿಗೂಡಕ್ಕೆ ಹೋದೆ. ಅವರ ನೆಗೆಣ್ಣಿ, ಮೈದುನನ ಹೆಂಡತಿ, ಬಾಗಿಲು ತೆರೆದು, ಆಸ್ಪತ್ರ್ಯಾಗ ಅದಾರ್ರಿ, ಕಾಲಿಂದು ಎರಡು ಬೆರಳ ತಗದಾರ ಎಂದರು. ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಅವರ ಯಜಮಾನರು ಕುಳಿತಿದ್ದರು. ಬಿಳಿ ಅಂಗಿ, ಕೈಯಲ್ಲಿ ಖಾಲಿ ಟಿಫಿನ್ ಡಬ್ಬಿ. ನಾನು ಯಾರೆಂದು ಹೇಳಿದೆ. ಅವರು ಎದ್ದು ಜಾಗ ಬಿಟ್ಟುಕೊಟ್ಟರು. ಆ ಸೌಜನ್ಯವನ್ನು ತಡೆದುಕೊಳ್ಳಲು ಆಗಲಿಲ್ಲ.

"ಗುಳಿಗಿ ಬಿಟ್ಟಾಳ್ರಿ," ಎಂದರು. "ನಾಕು ತಿಂಗಳಾತಂತ. ನಾ ತಂದಿಟ್ಟದ್ದೆಲ್ಲ ಹಂಗ ಕಪಾಟಿನ್ಯಾಗ ಐತಿ. ಯಾಕ ಹಿಂಗ ಮಾಡಿದಿ ಅಂದ್ರ, ನಮ್ಮ ಅಕ್ಕೋರು ಜ್ವಾಳದ ರೊಟ್ಟಿ ಮ್ಯಾಲ ಅದಾರ, ಗುಳಿಗಿ ಮುಟ್ಟೂದಿಲ್ಲ, ನಾನೂ ಹಂಗ ಆಗ್ತೀನಿ ಅಂತಾಳ."

ಅವರು ದೂರಿನ ದನಿಯಲ್ಲಿ ಹೇಳಲಿಲ್ಲ. ಬಟ್ಟೆಯ ಅಳತೆ ಹೇಳುವ ಹಾಗೆ ಹೇಳಿದರು. ಆಗ ನಾನು ಬಾಯಿಬಿಡಬೇಕಿತ್ತು. ಡಾಕ್ಟರು ಏನಂದರು ಎಂದು ಕೇಳಿದೆ. ಕೊಳೆಯೂದು ಇನ್ನೂ ಮೇಲೆ ಏರೈತಿ, ಪಾದ ತೆಗೀಬೇಕಾಗಬಹುದು ಎಂದಿದ್ದಾರೆ ಎಂದರು. ತೆಗೆದರು.

ಎಷ್ಟೋ ವಾರಗಳ ಮೇಲೆ ಅವರ ಮನೆಗೆ ಹೋದೆ. ಕಮಲಾಬಾಯಿ ಕಿಟಕಿಯ ಪಕ್ಕದ ಮಂಚದ ಮೇಲೆ ಕುಳಿತಿದ್ದರು. ಮೊಣಕಾಲಿನ ಮೇಲೆ ಹೊದಿಕೆ. ಮುಖ ಅರ್ಧವಾಗಿತ್ತು.

"ಬರ್ರಿ ಅಕ್ಕೋರ, ಕುಂದ್ರಿ. ಈಗ ಕಾಟಾ ಹತ್ತಿದ್ರ ನಾನ ಗೆಲ್ತೀನಿ ನೋಡ್ರಿ. ಒಂದು ಪಾದ ಮನ್ಯಾಗ ಇಲ್ಲ."

ನಾನು ನಗಲಿಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ಮಾತೆಲ್ಲ ಮರೆತು, ಬಂದಷ್ಟು ಹೇಳಿದೆ. "ಕಮಲಾಬಾಯಿ, ನನಗೂ ಸಕ್ರಿ ಐತ್ರಿ. ನೀವು ಬರೂಕಿಂತ ಮೊದಲಿಂದ ಐತಿ. ದಿನಾ ಎರಡು ಗುಳಿಗಿ ನುಂಗ್ತೀನಿ. ಅವತ್ತ ನಿಮಗ ಸುಳ್ಳ ಹೇಳಿದೆ."

ಹೊರಗೆ ಸ್ಟೇಷನ್ನಿನ ಕಡೆಯಿಂದ ಏನೋ ಘೋಷಣೆ ಕೇಳಿಸುತ್ತಿತ್ತು. ಅವರು ಕೈಚಾಚಿ ಕಿಟಕಿಯ ಬಾಗಿಲು ಎಳೆದುಕೊಂಡರು. ಆಮೇಲೆ ಕೇಳಿದರು:

"ಎಷ್ಟು ಪವರಿಂದು?"

ಹೇಳಿದೆ.

"ನನ್ನದೂ ಅದ ಇತ್ತು." ಹೊದಿಕೆಯ ಅಂಚನ್ನು ನೇರ ಮಾಡಿದರು. "ನಾ ಬಿಟ್ಟಿದ್ದು ನಿಮ್ಮ ಸಲುವಾಗಿ ಅಲ್ಲರಿ. ಅವು ನುಂಗಿದ್ರ ಹೊಟ್ಟ್ಯಾಗ ಕಸಿವಿಸಿ ಆಗ್ತಿತ್ತು. ಅದಕ್ಕ ಬಿಟ್ಟೆ."

"ನಿಮ್ಮ ಯಜಮಾನ್ರು ಬ್ಯಾರೆ ಹೇಳಿದ್ರು."

"ಅವರಿಗೇನ್ ಗೊತ್ತು? ಹೊಟ್ಟಿ ಅಂದ್ರ ಮತ್ತ ಡಾಕ್ಟರ್ ಹತ್ರ ಎಳಕೊಂಡು ಹೋಗ್ತಿದ್ರು. ನಿಮ್ಮ ಹೆಸರು ಹೇಳಿದ್ರ ಬಾಯಿ ಮುಚ್ತಾರಂತ ಹೇಳಿದೆ. ನಿಮ್ಮ ಮ್ಯಾಲ ಅಷ್ಟು ಭಕ್ತಿ ಅವರಿಗೆ."

ನೆಗೆಣ್ಣಿ ಚಹಾ ತಂದಿಟ್ಟರು. ಇಬ್ಬರದೂ ಸಕ್ಕರೆಯಿಲ್ಲದ್ದು. ನಾನು ಕುಡಿದು ಎದ್ದಾಗ ಅವರು ನನ್ನ ಕಡೆ ನೋಡದೆ ಹೇಳಿದರು:

"ಆದ್ರ ಅಕ್ಕೋರ, ಆವಾಗ ಒಂದು ಮಾತು ಹೇಳಿದ್ರ, ಇಬ್ರೂ ಕೂಡೇ ನುಂಗಬಹುದಿತ್ತಲ್ರಿ."

ಮುಂದಿನ ಸೋಮವಾರ ನಾನು ಕಾಟಾದ ಮೇಲೆ ನಿಂತು ಎಲ್ಲರ ಎದುರಿಗೆ ಮಾತ್ರೆ ನುಂಗಿದೆ, ರಾವ್ ಗಾರು ಕೌಂಟರಿನ ಹಿಂದೆ ಕಲ್ಲಾಗಿ ಕುಳಿತರು, ಹೆಂಗಸರಲ್ಲಿ ಮೂವರು ತಮಗೂ ಸಕ್ಕರೆ ಇದೆ ಎಂದು ಮುಂದೆ ಬಂದರು. ಹೊಸ ಹುಡುಗಿಯರಿಗೆ ನಾನು ಹೀಗೆ ಹೇಳಿದ್ದೇನೆ. ಒಂದಲ್ಲ, ಮೂರು ಸಲ. ಅವರ ಕಣ್ಣು ಒದ್ದೆಯಾಗುತ್ತಿದ್ದದ್ದು ಅಲ್ಲಿಯೇ. ಅದು ನಡೆಯಲಿಲ್ಲ. ಮುಂದಿನ ಸೋಮವಾರ ನಾನು ಬಳೆ ತೆಗೆದಿಟ್ಟು ಕಾಟಾ ಹತ್ತಿದೆ, ತೂಕ ಕೂಗಿದೆ, ಬರೆದೆ. ಮಧ್ಯಾಹ್ನ ಬಾತ್‌ರೂಮಿಗೆ ಹೋಗಿ ಮಾತ್ರೆ ನುಂಗಿದೆ. ಗೋಡೆಯ ಮೇಲಿನ ಕಮಲಾಬಾಯಿಯ ಎರಡು ಫೋಟೋಗಳನ್ನು ಮಾತ್ರ ಕಿತ್ತು ತೆಗೆದೆ. ರಾವ್ ಗಾರು ಯಾಕೆಂದು ಕೇಳಲಿಲ್ಲ. ಆ ಜಿಮ್ಮು ಮುಚ್ಚುವವರೆಗೂ, ಅಂದರೆ ಇನ್ನೂ ಹಲವು ವರ್ಷ, ನಾನು ಹಾಗೆಯೇ ನಡೆದುಕೊಂಡೆ. ತಪ್ಪು ಗೊತ್ತಾದ ಮೇಲೆ ಮನುಷ್ಯ ಬದಲಾಗುತ್ತಾನೆ ಎಂಬುದನ್ನು ಬಹಳ ಕಡೆ ಓದಿದ್ದೇನೆ. ನನಗೆ ಗೊತ್ತಿರುವ ಮಟ್ಟಿಗೆ, ತಪ್ಪು ಗೊತ್ತಾದ ಮೇಲೆ ಮನುಷ್ಯ ಸ್ವಲ್ಪ ಹೆಚ್ಚು ಎಚ್ಚರದಿಂದ ಬಾಗಿಲು ಹಾಕಿಕೊಳ್ಳುತ್ತಾನೆ.

ಬದಲಾದದ್ದು ಕೆಲಸದ ರೀತಿ. ಆಮೇಲೆ ಮನೆಮನೆಗೆ ಹೋಗಿ ಕಲಿಸುವ ಕಾಲ ಬಂತು, ಎಸಿ ಹಾಕಿದ ದೊಡ್ಡ ಜಿಮ್ಮುಗಳು ಬಂದವು, ಓಡುವ ಪಟ್ಟಿಯ ಮುಂದೆ ಟೀವಿ ಬಂತು. ಬೆಲ್ಟ್ ಮಷೀನು ಗುಜರಿಗೆ ಹೋಯಿತು. ಸೇರುವವರು ಒಂದು ಫಾರಂ ತುಂಬಬೇಕು: ಬಿಪಿ ಇದೆಯೇ, ಸಕ್ಕರೆ ಇದೆಯೇ, ಯಾವ ಮಾತ್ರೆ, ಕಾಲಲ್ಲಿ ಗಾಯವಿದೆಯೇ. ನಾನು ಕೊನೆಗೆ ಕೆಲಸ ಮಾಡಿದ ಕಡೆ ಆ ಫಾರಮನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದೆ. ಒಳ್ಳೆಯ ಫಾರಂ. ಕಲಿಸುವವರು ತುಂಬಬೇಕಾದ ಫಾರಂ ಮಾತ್ರ ಯಾರೂ ಅಚ್ಚು ಹಾಕಿಸಿಲ್ಲ. ಅವರ ಫೋಟೋ ಈಗಲೂ ಬಾಗಿಲ ಎದುರು ಇರುತ್ತದೆ, ಬಣ್ಣದ್ದು. ಮಾಂಸಖಂಡ ಎದ್ದುಕಾಣಲೆಂದು ಫೋಟೋ ತೆಗೆಸುವ ಎರಡು ದಿನ ಮೊದಲು ಅವರು ನೀರು ಕುಡಿಯುವುದನ್ನು ಬಿಟ್ಟಿರುತ್ತಾರೆ ಎಂದು ನನಗೆ ಗೊತ್ತು. ಕಲಿಯಲು ಬಂದವರಿಗೆ ಗೊತ್ತಿಲ್ಲ.

ನಾನು ಕೊನೆಯ ಎರಡು ಮೂರು ವರ್ಷ ಮಾತ್ರ ಎಲ್ಲರಿಗೂ ಕಾಣುವಂತೆ ಮಾತ್ರೆ ನುಂಗಿದೆ. ಧೈರ್ಯದಿಂದಲ್ಲ. ಅಷ್ಟರಲ್ಲಿ ನನಗೆ ವಯಸ್ಸಾಗಿತ್ತು. ಮಾದರಿಯಾಗಿ ನನ್ನನ್ನು ಯಾರೂ ನೋಡುತ್ತಿರಲಿಲ್ಲ.

ಕಮಲಾಬಾಯಿ ಆ ಭೇಟಿಯ ನಂತರ ಎರಡು ವರ್ಷವೋ ಮೂರು ವರ್ಷವೋ ಇದ್ದರು. ಮತ್ತೆ ಅವರ ಮನೆಗೆ ಹೋಗಲು ನನಗೆ ಕಾಲು ಬರಲಿಲ್ಲ. ಒಂದು ದಿನ ಅಬಿಡ್ಸಿನಲ್ಲಿ ಅವರ ಅಂಗಡಿಯ ಜಾಗದಲ್ಲಿ ಚಪ್ಪಲಿ ಅಂಗಡಿ ಕಂಡಿತು. ಪಕ್ಕದವರು, ಬಾಯಿಯವರು ತೀರಿಹೋದರು, ಅವರ ಯಜಮಾನರು ಎಲ್ಲ ಮಾರಿ ಬೀದರಕ್ಕೆ ಹೋದರು ಎಂದರು. ವಿಳಾಸ ಕೊಡಲೇ ಎಂದೂ ಕೇಳಿದರು. ಬಸ್ಸು ಬಂತು ಎಂದು ಹೇಳಿ ಬಂದುಬಿಟ್ಟೆ.

ಹೊಟ್ಟೆಯ ಕಸಿವಿಸಿಗೆ ಮಾತ್ರೆ ಬಿಟ್ಟೆ ಎಂದದ್ದು ನಿಜವಿರಬಹುದು. ಆ ಮಾತ್ರೆಗಳಿಂದ ಕೆಲವರಿಗೆ ಹಾಗಾಗುತ್ತದೆ. ಅಥವಾ ಎದುರಿಗೆ ತಪ್ಪೊಪ್ಪಿಕೊಂಡು ಕುಳಿತವಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಹೇಳಿರಬಹುದು, ಅವರು ಅಂಥವರೇ. ಅಷ್ಟೇ ಅಲ್ಲ. ಅವರು ನನ್ನನ್ನು ಆ ಪ್ರಶ್ನೆ ಕೇಳಿದ ದಿನ ಮಾತ್ರೆ ಇನ್ನೂ ತೆಗೆದುಕೊಳ್ಳುತ್ತಿದ್ದರೇ, ಆಗಲೇ ಬಿಟ್ಟು ಒಂದು ವಾರವಾಗಿತ್ತೇ? ಬಿಡಲು ನನ್ನಿಂದ ಧೈರ್ಯ ಬೇಕಾಗಿತ್ತೇ, ಇಲ್ಲ ಆಗಲೇ ಬಿಟ್ಟದ್ದಕ್ಕೆ ನಾನಾದರೂ ಬೈಯಲಿ ಎಂದು ಕೇಳಿದ್ದರೇ? ಅವರು ಬದುಕಿದ್ದಾಗ ಇದನ್ನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಹೊಳೆದಾಗ ಅವರು ಇರಲಿಲ್ಲ. ಅವರು ಯಾವ ದಿನ ಮಾತ್ರೆ ಬಿಟ್ಟರು ಎಂಬುದು ನನಗೆ ಗೊತ್ತಿಲ್ಲ.